ಅಡುಗೆಮನೆ ಗೋಡೆಯೊಳಗಿನ ಹಡಗು

ಇಂಗ್ಲೆಂಡಿನ ನಮ್ಮ ಸಫೋಕ್ ಸೀಮೆಯಲ್ಲಿ ಮನೆಯ ತೊಲೆ ಸ್ವಲ್ಪ ಸೊಟ್ಟಗಿದ್ದರೆ ಸಾಕು, ಅದು ಹಿಂದೊಮ್ಮೆ ಹಡಗಾಗಿತ್ತು ಎಂದು ಮನೆಯವರು ಹೇಳಿಕೊಳ್ಳುತ್ತಾರೆ. ಸಮುದ್ರ ಇಪ್ಪತ್ತು ಮೈಲಿ ದೂರವಿದೆ ಎಂಬುದು ಈ ಮಾತಿಗೆ ಅಡ್ಡಿಯಾಗುವುದಿಲ್ಲ. ಅವರು ಹೇಳುವುದೆಲ್ಲ ನಿಜವಾಗಿದ್ದರೆ ಆ ಕಾಲದ ಸಮುದ್ರದಲ್ಲಿ ಹಡಗುಗಳ ನಡುವೆ ನೀರಿಗೇ ಜಾಗವಿರುತ್ತಿರಲಿಲ್ಲ. ನನ್ನ ಹೆಸರು ಪರ್ಸಿ, ಮೂವತ್ತೊಂದು ವರ್ಷ ಮಾರ್ಲಿಂಗ್‌ಹ್ಯಾಮ್ ಊರಿನ ಅಂಚೆಯವನಾಗಿದ್ದವನು. ಇಂಥ ಹದಿನಾಲ್ಕು ಹಡಗುಗಳಿಗೆ ಕಾಗದ ಹಂಚಿದ್ದೇನೆ. ಆದರೆ ನನ್ನ ಮನೆಯ ಎದುರಿನ ಸಿರಿಲ್ ಕೆರಿಡ್ಜ್‌ನ ಹಡಗಿನ ಹಾಗೆ ಊರನ್ನೆಲ್ಲ ಕುಣಿಸಿದ ಹಡಗು ಇನ್ನೊಂದಿಲ್ಲ.

ಸಿರಿಲ್ ಒಳ್ಳೆಯವನು. ಹಂದಿ ಸಾಕುತ್ತಾನೆ, ಬೀಟ್‌ರೂಟ್ ಬೆಳೆಯುತ್ತಾನೆ. ಒಮ್ಮೆ ಹಂದಿಗೆ ಹಾಕಬೇಕಾದ ಆಲೂಗಡ್ಡೆ ಸಿಪ್ಪೆಯನ್ನು ರಸ್ತೆಯ ಅಂಚೆಪೆಟ್ಟಿಗೆಗೂ, ಅಂಚೆಪೆಟ್ಟಿಗೆಗೆ ಹಾಕಬೇಕಾದ ಕಾಗದವನ್ನು ಹಂದಿಗೂ ಹಾಕಿದ್ದ. ಸಿಪ್ಪೆಯ ಮೇಲೆ ವಿಳಾಸವಿಲ್ಲದ್ದರಿಂದ ನಾನೇ ಅದನ್ನು ಊಹೆಯ ಮೇಲೆ ಅವನ ಮನೆಗೆ ತಲುಪಿಸಿದೆ. ಅವನಿಗಿದ್ದ ಕೊರತೆ ಒಂದೇ. ಅವನು ಬಾಯಿ ತೆರೆದರೆ ಯಾರೂ ಕೇಳುತ್ತಿರಲಿಲ್ಲ. ಪಬ್ಬಿನಲ್ಲಿ ಅವನು "ಅದೇನಾಯ್ತು ಅಂದ್ರೆ" ಎಂದು ಶುರು ಮಾಡಿದ ಕೂಡಲೇ ಜನಕ್ಕೆ ಇನ್ನೊಂದು ಲೋಟ ಬಿಯರ್ ತರುವ ನೆನಪಾಗುತ್ತಿತ್ತು.

ಅವನ ಮನೆ ನಾನೂರೈವತ್ತು ವರ್ಷ ಹಳೆಯದು. ಓಕ್ ಮರದ ಕಂಬ, ಓಕ್ ಮರದ ತೊಲೆ, ಕೀಲಿಗೆ ಓಕ್ ಮರದ ಗೂಟ. ಕಂಬಗಳ ನಡುವೆ ಕಡ್ಡಿ ಹೆಣೆದು ಜೇಡಿಮಣ್ಣು, ಸೆಗಣಿ, ಹುಲ್ಲು ಕಲಸಿ ಮೆತ್ತಿದ ಗೋಡೆ. ಇಡೀ ಮನೆಯಲ್ಲಿ ನೆಟ್ಟಗಿರುವುದು ಸಿರಿಲ್‌ನ ಹೆಂಡತಿ ಈನಿಡ್‌ಳ ನಡತೆ ಮಾತ್ರ. ಮಹಡಿಯಲ್ಲಿ ಎಲ್ಲಿ ಏನು ಕೈಜಾರಿದರೂ ಅದು ಉರುಳಿಕೊಂಡು ಈಶಾನ್ಯ ಮೂಲೆಗೇ ಹೋಗಿ ಸೇರುತ್ತದೆ. ಗುಂಡಿ, ಬಟಾಣಿ, ಆಸ್ಪಿರಿನ್ ಮಾತ್ರೆ, ಏನೇ ಕಳೆದರೂ ಈನಿಡ್ ಹುಡುಕುವ ಗೋಜಿಗೆ ಹೋಗುವುದಿಲ್ಲ. ಶನಿವಾರ ಆ ಮೂಲೆಗೆ ಹೋಗಿ ವಾರದ ಸಾಮಾನನ್ನೆಲ್ಲ ಒಟ್ಟಿಗೆ ಎತ್ತಿಕೊಂಡು ಬರುತ್ತಾಳೆ.

ಆ ಮನೆಗೆ ಇನ್ನೊಂದು ವಿಚಿತ್ರವಿತ್ತು. ಅಡುಗೆಮನೆಗೂ ಅದರ ಪಕ್ಕದ ಹಜಾರಕ್ಕೂ ನಡುವೆ ಒಂದು ಗೋಡೆಯಷ್ಟೇ ಅಂತರ, ಆದರೆ ಗೋಡೆಯಲ್ಲಿ ಬಾಗಿಲಿಲ್ಲ. ಅಡುಗೆಮನೆಯಿಂದ ಹಜಾರಕ್ಕೆ ಹೋಗಬೇಕಾದರೆ ಒಂದು ಕಡೆ ಮೆಟ್ಟಿಲು ಹತ್ತಿ, ಮಹಡಿ ದಾಟಿ, ಇನ್ನೊಂದು ಕಡೆ ಮೆಟ್ಟಿಲು ಇಳಿಯಬೇಕು. ಇಲ್ಲವೇ ಅಂಗಳಕ್ಕಿಳಿದು, ಬಾವಿಯ ಪಂಪನ್ನು ಸುತ್ತುಹಾಕಿ ಮುಂಬಾಗಿಲಿಂದ ಬರಬೇಕು. ಯಾಕೆ ಹೀಗೆ ಎಂದು ಯಾರೂ ಕೇಳಿರಲಿಲ್ಲ. ಸಿರಿಲ್‌ನ ಅಪ್ಪನೂ ಹಾಗೇ ಸುತ್ತುತ್ತಿದ್ದ, ಆದ್ದರಿಂದ ಸಿರಿಲ್ ಕೂಡ ಸುತ್ತುತ್ತಿದ್ದ. ಹಜಾರವನ್ನು ಕ್ರಿಸ್‌ಮಸ್‌ಗೂ ಶವಸಂಸ್ಕಾರದ ಚಹಾಕ್ಕೂ ಮೀಸಲಿಟ್ಟಿದ್ದರು.

ಇಷ್ಟು ಪೀಠಿಕೆ ಸಾಕು. ಹಡಗು ಹುಟ್ಟಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಅವತ್ತು ಬೆಳಗ್ಗೆಯೆಲ್ಲ ನಾನೂ ಸಿರಿಲ್ಲೂ ಸೇರಿ ಅವನ ಹಳೆಯ ಕೋಳಿಗೂಡನ್ನು ಬಿಚ್ಚಿ ತೋಟದ ಆಚೆ ಬದಿಗೆ ಸಾಗಿಸಿದ್ದೆವು. ಕೆಲಸ ಮುಗಿಸಿ ಪಬ್ಬಿಗೆ ಹೋದಾಗ ಉಳಿ ಇನ್ನೂ ಅವನ ಜೇಬಿನಲ್ಲೇ ಇತ್ತು. ಚುಚ್ಚುತ್ತದೆಂದು ತೆಗೆದು ಮೇಜಿನ ಮೇಲಿಟ್ಟ. ಎದುರಿಗೆ ಮಿಸ್ಟರ್ ಲವೆಲ್ ಕೂತಿದ್ದ. ಲಂಡನ್ನಿನಿಂದ ಬಂದು ಚರ್ಚಿನ ಪಕ್ಕದ ಹುಲ್ಲುಮಾಡಿನ ಮನೆ ಕೊಂಡವನು ಇವನು.

"ನಮ್ಮನೇಲಿ ಒಬ್ಬ ರಾಜ ಒಂದಿನ ಮಲಗಿದ್ನಂತೆ," ಎಂದ ಲವೆಲ್. "ಮನೆ ಮಾರಿದವ್ರು ಹೇಳಿದ್ರು."

"ಯಾವ ರಾಜ?" ಎಂದು ಕೇಳಿದೆ.

"ಅದು ಗೊತ್ತಿಲ್ಲ. ಆದ್ರೆ ಮಲಗಿದ್ದು ಗ್ಯಾರಂಟಿ."

ಎಲ್ಲರೂ ಲವೆಲ್‌ನ ಕಡೆ ವಾಲಿದರು. ಬಂದು ಎಂಟು ತಿಂಗಳಾಗದವನ ಮಾತಿಗೆ ಇಷ್ಟು ಕಿವಿಗಳು. ಐವತ್ತೆಂಟು ವರ್ಷದಿಂದ ಇದೇ ಊರಲ್ಲಿರುವ ಸಿರಿಲ್‌ಗೆ ಒಳಗೆ ಏನೋ ಕಿತ್ತುಬಂದಿರಬೇಕು.

"ನಮ್ಮನೆ ಹಡಗು," ಎಂದುಬಿಟ್ಟ.

"ಎಲ್ಲರ ಮನೆಯೂ ಹಡಗೇ ಕಣೋ ಸಿರಿಲ್," ಎಂದು ಯಾರೋ ಆಕಳಿಸಿದರು.

"ಅಂಥಿಂಥ ಹಡಗಲ್ಲ. ಸ್ಪೇನಿನವ್ರು ನಮ್ಮ ರಾಣಿ ಮೇಲೆ ಯುದ್ಧಕ್ಕೆ ಬಂದಿದ್ರಲ್ಲ, ಆ ಹಡಗು. ತೋಪು ನಿಲ್ಸಿದ್ದ ಗೋಡೆ ಹಂಗಂಗೇ ಅಡುಗೆಮನೇಲಿ ಐತೆ. ಒಂದೊಂದು ತೋಪಿಗೆ ಒಂದೊಂದು ನಂಬರು. ಕಂಬದ ಮೇಲೆ ಕೆತ್ತಿದ್ದಾರೆ, ಬಂದು ನೋಡ್ಕಳಿ!"

ಬಿಯರ್ ತರಲು ಎದ್ದವರು ಮತ್ತೆ ಕೂತರು. ಸಿರಿಲ್ ತನ್ನ ಮಾತಿನ ಪರಿಣಾಮಕ್ಕೆ ತಾನೇ ಬೆಚ್ಚಿ ಉಳಿಯನ್ನು ಕೈಗೆತ್ತಿಕೊಂಡ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ.

ಮಾರನೆಯ ಬೆಳಗ್ಗೆಯೇ ಕಮಾಂಡರ್ ಸ್ಟ್ರಿಕ್‌ಲ್ಯಾಂಡ್ ಬ್ಯಾಟರಿ ಹಿಡಿದು ಬಂದರು. ನೌಕಾಪಡೆಯಿಂದ ನಿವೃತ್ತರಾದವರು. ಎರಡನೇ ಮಹಾಯುದ್ಧದ ಉದ್ದಕ್ಕೂ ಅವರು ದಡದ ಉಗ್ರಾಣದಲ್ಲಿ ಬೂಟು ಹಂಚಿದರೆಂದೂ, ನೀರು ಕಂಡರೆ ಅವರಿಗೆ ತಲೆ ಸುತ್ತುತ್ತದೆಂದೂ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೊಬ್ಬರಿಗೆ ಗೊತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಬೆಳಕು ಬಿಟ್ಟರು. ಕಂಬಗಳ ಮೇಲೆ ಉಳಿಯಿಂದ ಗೀರಿದ ಗುರುತುಗಳು ಇದ್ದದ್ದು ನಿಜ. ಮೊದಲ ಕಂಬಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು, ಮುಂದಿನದಕ್ಕೆ ಏನೂ ಇಲ್ಲ, ಆಮೇಲೆ ಮೂರು, ಆಮೇಲೆ ನಾಲ್ಕು.

"ಈ ಮಧ್ಯದ ಕಂಬಕ್ಕೆ ಯಾಕೆ ನಂಬರಿಲ್ಲ?" ಕಮಾಂಡರ್ ಕೇಳಿದರು.

ಸಿರಿಲ್ ಒಂದು ಕ್ಷಣ ತಡವರಿಸಿದ. "ಅಲ್ಲಿ ಕ್ಯಾಪ್ಟನ್ ನಿಲ್ತಿದ್ನಲ್ಲ ಸಾರ್. ಕ್ಯಾಪ್ಟನ್‌ಗೆ ಯಾರು ನಂಬರ್ ಹಾಕ್ತಾರೆ?"

ಕಮಾಂಡರ್ ಹಿಮ್ಮಡಿ ಜೋಡಿಸಿ, ನಂಬರಿಲ್ಲದ ಆ ಕಂಬಕ್ಕೆ ಸೆಲ್ಯೂಟ್ ಹೊಡೆದರು. ಒಲೆಯ ಬಳಿ ಜ್ಯಾಮ್ ಕಲಕುತ್ತಿದ್ದ ಈನಿಡ್ ತಿರುಗಿ ನೋಡಿದಳು, ಮತ್ತೆ ಜ್ಯಾಮ್ ಕಲಕತೊಡಗಿದಳು.

ಅಲ್ಲಿಂದ ಮುಂದೆ ಹಡಗಿಗೆ ಗಾಳಿ ಹಿಡಿಯಿತು. ಜೂನ್ ತಿಂಗಳ ಚರ್ಚಿನ ಜಾತ್ರೆಗೆ ಪಾದ್ರಿಗಳು ಸಿರಿಲ್‌ನ ಅಡುಗೆಮನೆಯನ್ನೂ ನೋಡುವ ಜಾಗಗಳ ಪಟ್ಟಿಗೆ ಸೇರಿಸಿದರು. ಜನ ಸಾಲುಗಟ್ಟಿದರು. ಪಕ್ಕದೂರಿನ ಒಬ್ಬಾಕೆ ತೊಲೆಯನ್ನು ನಾಲಿಗೆಯಿಂದ ನೆಕ್ಕಿ ನೋಡಿ, "ಉಪ್ಪು! ಸಮುದ್ರದ ಉಪ್ಪು!" ಎಂದು ಕೂಗಿದಳು. ಆ ತೊಲೆಗೆ ಸಿರಿಲ್‌ನ ಅಪ್ಪ ನಲವತ್ತು ವರ್ಷ ಉಪ್ಪು ಹಚ್ಚಿದ ಹಂದಿತೊಡೆ ನೇತುಹಾಕುತ್ತಿದ್ದ. ಅದನ್ನು ಹೇಳುವ ಮನಸ್ಸು ನನಗೂ ಬರಲಿಲ್ಲ. ಜನ ಸಿರಿಲ್‌ನನ್ನು "ಕ್ಯಾಪ್ಟನ್" ಎಂದು ಕರೆಯತೊಡಗಿದರು. ಪಬ್ಬಿನಲ್ಲಿ ಅವನು "ಅದೇನಾಯ್ತು ಅಂದ್ರೆ" ಎಂದರೆ ಈಗ ಕುರ್ಚಿಗಳು ಹತ್ತಿರ ಸರಿಯುತ್ತಿದ್ದವು. ಲವೆಲ್‌ನ ರಾಜ ಎದ್ದುಹೋದನೋ ಇನ್ನೂ ಮಲಗಿದ್ದಾನೋ ಎಂದು ಕೇಳುವವರೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಈನಿಡ್ ಅಂಗಳದ ಪಂಪಿನ ಬಳಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಐದು ವಾರ ಆಸ್ಪತ್ರೆಯಲ್ಲಿದ್ದು ಕೋಲು ಹಿಡಿದು ಬಂದಳು. ಇನ್ನು ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಮಂಚ ಹಜಾರಕ್ಕೆ ಇಳಿಯಿತು. ಒಲೆ, ಕೆಟಲ್, ಬಚ್ಚಲು ಎಲ್ಲ ಗೋಡೆಯ ಆಚೆಗೆ ಉಳಿದವು. ಒಂದು ಲೋಟ ಚಹಾ ಬೇಕೆಂದರೂ ಅವಳು ಕೋಟು ಹಾಕಿಕೊಂಡು, ಅವಳನ್ನು ಬೀಳಿಸಿದ ಅದೇ ಪಂಪಿನ ಸುತ್ತ ಕೋಲೂರಿಕೊಂಡು ಹೋಗಬೇಕು. ಕಿಟಕಿಯಿಂದ ನೋಡುತ್ತಿದ್ದ ನನಗೆ ಸಂಕಟವಾಗುತ್ತಿತ್ತು. ಸಿರಿಲ್ ಹೊಲದಲ್ಲಿಲ್ಲದಾಗ ಅವಳ ಹಿಂದೆಯೇ ಕೈ ಚಾಚಿಕೊಂಡು ನಡೆಯುತ್ತಿದ್ದ, ಬೀಳುವ ಹೂದಾನಿಯನ್ನು ಹಿಡಿಯಲು ಬಂದವನ ಹಾಗೆ.

ಅವಳ ಅಕ್ಕ ಮಾಡ್ ಸಮುದ್ರದಂಡೆಯ ಫೀಲಿಕ್‌ಸ್ಟೋದಿಂದ ಕಾರಿನಲ್ಲಿ ಬಂದಿಳಿದಳು. ಅವಳದು ಮೆಟ್ಟಿಲೇ ಇಲ್ಲದ, ಎಲ್ಲ ಕಡೆ ಬಾಗಿಲಿರುವ ಹೊಸ ಮನೆ.

"ನೋಡು ಸಿರಿಲ್, ಮಂಜು ಬೀಳೋಕೆ ಮುಂಚೆ ಆ ಗೋಡೇಲೊಂದು ಬಾಗಿಲಾಗ್ಬೇಕು. ಇಲ್ಲಾಂದ್ರೆ ಇವಳನ್ನ ನಾನು ಕರ್ಕೊಂಡ್ ಹೋಗ್ತೀನಿ. ಚಳಿಗಾಲಕ್ಕೆ ಮಾತ್ರ ಅಲ್ಲ. ಪೂರ್ತಿ."

"ಪೂರ್ತಿ ಅಂದ್ರೆ?"

"ಪೂರ್ತಿ ಅಂದ್ರೆ ಪೂರ್ತಿ. ನೀನು ನಿನ್ ಹಡಗಲ್ಲೇ ಇರಪ್ಪ, ಹಂದಿಗಳ ಜೊತೆ."

ಹಳೆಯ ಮನೆಯ ಗೋಡೆಗೆ ಕೈ ಹಚ್ಚಬೇಕಾದರೆ ಕೌನ್ಸಿಲ್ಲಿನ ಅಪ್ಪಣೆ ಬೇಕು. ಸಿರಿಲ್ ಅರ್ಜಿ ತುಂಬಲು ಕೂತ. ಬದಲಾವಣೆಗೆ ಕಾರಣವೇನು ಎಂಬಲ್ಲಿ "ಹೆಂಡತಿಗೆ ಬಾಗಿಲು ಬೇಕು" ಎಂದು ಒಂದೇ ಸಾಲು ಬರೆದ. ಕಟ್ಟಡದ ಮಹತ್ವವೇನು ಎಂಬಲ್ಲಿಗೆ ಬಂದಾಗ ಅಭ್ಯಾಸಬಲ ಕೈ ಹಿಡಿಯಿತು. ಹಡಗು, ಸ್ಪೇನು, ತೋಪು, ಕ್ಯಾಪ್ಟನ್ನು ಎಂದು ಎರಡೂವರೆ ಹಾಳೆ ಬರೆದ. ಸಾಲದ್ದಕ್ಕೆ ಅದನ್ನು ಪಬ್ಬಿನಲ್ಲಿ ಗಟ್ಟಿಯಾಗಿ ಓದಿದ. ಚಪ್ಪಾಳೆ ಬಿತ್ತು. ಕೊನೆಗೆ ಆ ಒಂದು ಸಾಲನ್ನೂ ಓದಿದ. ಚಪ್ಪಾಳೆ ನಿಂತಿತು.

ಕಮಾಂಡರ್ ಎದ್ದರು. "ಬಾಗಿಲಾ? ತೋಪಿನ ಗೋಡೆಗೆ ಗರಗಸಾನಾ?"

"ಚಿಕ್ಕ ಬಾಗಿಲು ಸಾರ್..."

"ಕೆರಿಡ್ಜ್, ಈ ಹಡಗು ಈಗ ನಿಮ್ಮೊಬ್ಬರದಲ್ಲ. ಊರಿನ ಸ್ವತ್ತು. ಶತ್ರುಗಳಿಂದ ಅದನ್ನ ಕಾಪಾಡೋದು ನಮ್ಮ ಧರ್ಮ."

"ಶತ್ರು ಯಾರು ಸಾರ್?"

"ಸದ್ಯಕ್ಕೆ, ನೀವು."

ಎರಡು ದಿನದಲ್ಲಿ ಬಾಗಿಲಿನ ವಿರುದ್ಧ ನೂರಹನ್ನೆರಡು ಸಹಿ ಬಿದ್ದವು. ಒಂಬತ್ತನೆಯದು ನನ್ನದು. ಯಾಕೆ ಹಾಕಿದೆ ಎಂದು ಕೇಳಬೇಡಿ. ಕಮಾಂಡರ್ ಪೆನ್ನನ್ನು ಬಂದೂಕಿನ ಹಾಗೆ ಹಿಡಿದು ಮನೆ ಬಾಗಿಲಿಗೆ ಬಂದಿದ್ದರು, ನನ್ನ ಸಾಸೇಜು ಬಾಣಲೆಯಲ್ಲಿ ಸೀಯುತ್ತಿತ್ತು. ಈನಿಡ್‌ಳನ್ನು ಕಂಡರೆ ಊರಿಗೆ ಊರೇ ಪ್ರೀತಿ. ಸಹಿ ಹಾಕಿದ ಹೆಂಗಸರೇ ಅವಳಿಗೆ ಸೂಪು, ಆಪಲ್ ಕಡುಬು ತಂದುಕೊಟ್ಟರು. ಅಡುಗೆಮನೆಯಲ್ಲಿ ಬಿಸಿ ಮಾಡಿ, ಸುತ್ತು ಹಾಕಿಕೊಂಡು ಮುಂಬಾಗಿಲಿಂದಲೇ ತಂದರು ಅನ್ನಿ.

ನವೆಂಬರ್ ಮೊದಲ ವಾರ ಕೌನ್ಸಿಲ್ಲಿನಿಂದ ಮಿಸ್ ವಿನ್‌ಕಪ್ ಎಂಬ ಹೆಣ್ಣುಮಗಳು ತಪಾಸಣೆಗೆ ಬಂದಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಷ್ಟೆ. ಸಣ್ಣಗಿದ್ದಳು, ಕನ್ನಡಕ ದೊಡ್ಡದಿತ್ತು. ಅಡುಗೆಮನೆಯಲ್ಲಿ ಆಗಲೇ ಇಪ್ಪತ್ತು ಜನ ಸೇರಿದ್ದೆವು. ಕಮಾಂಡರ್ ಪದಕ ಧರಿಸಿದ್ದರು. ಮಾಡ್‌ಳ ಕಾರು ಅಂಗಳದಲ್ಲಿ ನಿಂತಿತ್ತು. ಈನಿಡ್ ಕೋಟು ತೊಟ್ಟು, ಹ್ಯಾಟು ಇಟ್ಟುಕೊಂಡು, ಕಾಲಬುಡದಲ್ಲಿ ಪೆಟ್ಟಿಗೆಯೊಂದಿಗೆ ಒಲೆಯ ಪಕ್ಕ ಕೂತಿದ್ದಳು. ಹಿಂದಿನ ದಿನ ಮೊದಲ ಮಂಜು ಬಿದ್ದಿತ್ತು.

ಮಿಸ್ ವಿನ್‌ಕಪ್ ಕಂಬಗಳನ್ನು ಒಂದೊಂದಾಗಿ ಮುಟ್ಟಿದಳು, ಗೂಟಗಳನ್ನು ನೋಡಿದಳು, ಬ್ಯಾಟರಿ ಅಡ್ಡ ಹಿಡಿದು ಗೀರುಗಳನ್ನು ನೋಡಿದಳು.

"ಈ ಮನೆ ಆ ಸ್ಪೇನಿನ ಯುದ್ಧಕ್ಕಿಂತ ಅರವತ್ತು ವರ್ಷನಾದ್ರೂ ಹಳೇದು," ಎಂದಳು ಮೆಲ್ಲಗೆ.

"ಹಾಗಾದ್ರೆ ಹಡಗು ಆಮೇಲೆ ಒಳಗೆ ಬಂದಿರ್ಬೇಕು," ಎಂದರು ಕಮಾಂಡರ್.

"ಈ ಗೀರುಗಳು ಬಡಗಿಗಳ ಗುರುತು ಅಂತ ನನಗನ್ಸುತ್ತೆ..."

"ಅನ್ಸುತ್ತಾ?" ಇಪ್ಪತ್ತು ಜನ ಒಟ್ಟಿಗೆ ಗದ್ದಲ ಎಬ್ಬಿಸಿದರು. ಉಪ್ಪಿನ ಮಾತು ಬಂತು. ತೊಲೆ ನೆಕ್ಕಿದ ಆ ಹೆಂಗಸು ಬೇಕಾದರೆ ಮತ್ತೆ ನೆಕ್ಕುತ್ತೇನೆಂದಳು.

ಪಾಪ, ಆ ಹುಡುಗಿಯ ಕನ್ನಡಕ ಬೆವರಿಗೆ ಮಸುಕಾಯಿತು. "ನೋಡಿ, ನೂರಹನ್ನೆರಡು ಜನ ಸಹಿ ಹಾಕಿದ್ದಾರೆ. ಮನೆ ಯಜಮಾನ್ರೇ ಎರಡೂವರೆ ಪುಟ ಬರೆದು ಕೊಟ್ಟಿದ್ದಾರೆ. ಹೀಗೆ ವಿವಾದ ಇದ್ರೆ ನಾನು ಲಂಡನ್ನಿನ ತಜ್ಞರಿಗೆ ಕಳಿಸ್ಬೇಕು. ಅವ್ರು ಬಂದು ನೋಡೋವರ್ಗೆ ಒಂದು ಮೊಳೆನೂ ಹೊಡೆಯೋ ಹಾಗಿಲ್ಲ."

"ಎಷ್ಟ್ ದಿನ ಆಗುತ್ತಮ್ಮಾ?" ಸಿರಿಲ್ ಕೇಳಿದ.

"ಎರಡು ವರ್ಷ ಆಗ್ಬಹುದು. ನೀವು ಬರೆದಿದ್ದನ್ನ ನೀವೇ ವಾಪಸ್ ತಗೊಂಡ್ರೆ ಮಾತ್ರ ಬೇರೆ."

ಊರಿನವರು ಹುರ್ರೇ ಎಂದರು. ಯಾರೋ ಸಿರಿಲ್‌ನ ಬೆನ್ನು ತಟ್ಟಿ, "ಗೆದ್ವಿ ಕ್ಯಾಪ್ಟನ್!" ಎಂದರು. ಮಾಡ್ ಬಗ್ಗಿ ಈನಿಡ್‌ಳ ಪೆಟ್ಟಿಗೆ ಎತ್ತಿಕೊಂಡಳು. ಈನಿಡ್ ಕೋಲೂರಿ ಎದ್ದಳು. ಹೋಗುವ ಮುಂಚೆ ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಸರಿಮಾಡಿ, "ಗುರುವಾರದವರ್ಗೆ ಸಾಲುತ್ತೆ. ಬಿಸಿ ಮಾಡ್ಕೊಂಡ್ ತಿನ್ನು, ತಣ್ಣಗೆ ತಿನ್ಬೇಡ," ಎಂದಳು ಗಂಡನಿಗೆ.

ಸಿರಿಲ್ ಆ ಪಾತ್ರೆಯನ್ನು ನೋಡಿದ. ಊರನ್ನು ನೋಡಿದ.

"ಅದೇನಾಯ್ತು ಅಂದ್ರೆ," ಎಂದ.

ಎಲ್ಲರೂ ಸುಮ್ಮನಾಗಿ ಅವನತ್ತ ವಾಲಿದರು. ಈ ಏಳು ತಿಂಗಳಲ್ಲಿ ರೂಢಿಯಾಗಿಬಿಟ್ಟಿತ್ತು.

"ಅದೇನಾಯ್ತು ಅಂದ್ರೆ, ಏಪ್ರಿಲ್‌ನಲ್ಲಿ ನಾನೂ ಪರ್ಸಿನೂ ಕೋಳಿಗೂಡು ಬಿಚ್ಚಿದ್ವಿ. ಯಾವ ಕಂಬ ಯಾವ ತೂತಿಗೆ ಅಂತ ಮರ್ತೋಗ್ಬಾರ್ದು ಅಂತ ಉಳಿಲಿ ಗೀರು ಹಾಕ್ದೆ. ಒಂದು, ಎರಡು, ಮೂರು, ನಾಲ್ಕು. ನಮ್ಮಪ್ಪನೂ ಹಂಗೇ ಹಾಕ್ತಿದ್ದ, ಅವರಪ್ಪನೂ ಹಂಗೇ. ಬಡಗಿಗಳು ಅಂಗಳದಲ್ಲಿ ಮರ ಕೊಯ್ದು, ನೆಲದ ಮೇಲೆ ಜೋಡಿಸಿ ನೋಡಿ, ನಂಬರ್ ಹಾಕಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸ್ತಾರೆ. ಇದೂ ಅದೇ. ತೋಪೂ ಇಲ್ಲ, ಗೀಪೂ ಇಲ್ಲ. ಈ ಮರ ಬಾತುಕೋಳಿ ಕೊಳಾನೂ ನೋಡಿಲ್ಲ. ಉಪ್ಪು ಹಂದಿತೊಡೇದು. ಎಲ್ಲಾ ಬುರುಡೆ. ಬರ್ಕೊಳಮ್ಮಾ, ವಾಪಸ್ ತಗೊಂಡೆ."

ಆ ಕೋಳಿಗೂಡಿನ ಕಂಬಗಳನ್ನು ಅವನು ಗೀರುವಾಗ ಅಲುಗಾಡದಂತೆ ಹಿಡಿದುಕೊಂಡಿದ್ದವನು ನಾನೇ. ಅದೇ ಗೀರನ್ನು ಅಡುಗೆಮನೆಯಲ್ಲಿ ತೋಪಿನ ನಂಬರೆಂದು ಏಳು ತಿಂಗಳು ನಂಬಿದವನೂ ನಾನೇ. ಮನುಷ್ಯನ ಬುದ್ಧಿಯ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಹೇಳಲು ಗೊತ್ತಿಲ್ಲ.

"ಕೆರಿಡ್ಜ್," ಎಂದರು ಕಮಾಂಡರ್, "ನಾನು ಆ ಕಂಬಕ್ಕೆ ಸೆಲ್ಯೂಟ್ ಹೊಡೆದಿದ್ದೀನಿ."

"ಕ್ಷಮಿಸ್ಬೇಕು ಸಾರ್."

"ಮೂರು ಸಲ."

ಮಿಸ್ ವಿನ್‌ಕಪ್ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು ನಂಬರಿಲ್ಲದ ಕಂಬವನ್ನೇ ದಿಟ್ಟಿಸುತ್ತಿದ್ದಳು. "ಹಾಗಾದ್ರೆ," ಎಂದಳು, "ಮೊದಲು ಮನೆ ಕಟ್ಟಿದಾಗ ಈ ಕಂಬ ಇಲ್ಲಿರ್ಲಿಲ್ಲ. ಅದಕ್ಕೇ ನಂಬರಿಲ್ಲ. ಎರಡಾದ್ಮೇಲೆ ಮೂರು, ನಡುವೆ ಖಾಲಿ. ಈ ಚಾಪೆ ಸ್ವಲ್ಪ ಎತ್ತಬಹುದಾ?"

ನಾನೇ ಎತ್ತಿದೆ. ಗೋಡೆಯ ಬುಡದಲ್ಲಿ ಮಲಗಿದ ಓಕ್ ತೊಲೆ ಉದ್ದಕ್ಕೂ ಸಮನಾಗಿತ್ತು. ಆ ಕಂಬದ ಎರಡೂ ಪಕ್ಕ ಮಾತ್ರ ಬಟ್ಟಲಿನಂತೆ ಸವೆದು ತಗ್ಗಾಗಿತ್ತು. ತಗ್ಗಿನ ನಡುವೆ ಆ ಕಂಬ ತಂದು ನೆಟ್ಟಂತೆ ನಿಂತಿತ್ತು.

"ಕಾಲಿನಿಂದ ಸವೆದಿದ್ದು," ಎಂದಳು ಹುಡುಗಿ. ಅವಳ ದನಿ ಈಗ ಗಟ್ಟಿಯಾಗಿತ್ತು. "ಇದು ಹೊಸ್ತಿಲು. ಇಲ್ಲೇ ಬಾಗಿಲಿತ್ತು. ಎಂದೋ ಈ ಮನೇನ ಎರಡು ಸಂಸಾರಕ್ಕೆ ಪಾಲು ಮಾಡ್ದಾಗ ಒಂದು ಕಂಬ ನಿಲ್ಲಿಸಿ ಮಣ್ಣು ಮೆತ್ತಿ ಮುಚ್ಚಿದ್ದಾರೆ. ಮಿಸ್ಟರ್ ಕೆರಿಡ್ಜ್, ಹೊಸ ಬಾಗಿಲಾಗಿದ್ರೆ ಕಷ್ಟ ಆಗ್ತಿತ್ತು. ಮುಚ್ಚಿದ ಹಳೇ ಬಾಗಿಲು ತೆಗೆಯೋದಕ್ಕೆ ನಾನೇ ಶಿಫಾರಸು ಬರೀತೀನಿ. ಎರಡು ವಾರದಲ್ಲಿ ಕಾಗದ ಬರುತ್ತೆ."

ಈನಿಡ್ ಮತ್ತೆ ಕೂತಳು. ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ಆ ಪೆಟ್ಟಿಗೆ ಕೆಳಗಿಡು ಮಾಡ್, ಭಾರ ಇದೆ," ಎಂದಳು. "ಎರಡು ವಾರ ನಾನು ಸುತ್ಕೊಂಡೇ ಬರ್ತೀನಿ."

ಸುತ್ತುವ ಅಗತ್ಯ ಬೀಳಲಿಲ್ಲ. ಸಹಿ ಹಾಕಿದ ಹೆಂಗಸರು ನಾಚಿಕೆಯಿಂದಲೋ ಪ್ರೀತಿಯಿಂದಲೋ ಸರದಿಯ ಮೇಲೆ ಬಂದು ಆ ಎರಡು ವಾರ ಅವಳ ಚಹಾ, ಊಟ ಎಲ್ಲವನ್ನೂ ಹಜಾರಕ್ಕೇ ಮುಟ್ಟಿಸಿದರು. ಕಮಾಂಡರ್ ಪಂಪಿನ ಸುತ್ತ ಉಪ್ಪು ಎರಚಿ ಮಂಜು ಕರಗಿಸಿದರು.

ಕಾಗದ ಬಂತು. ಬಡಗಿ ಬಂದು ಕಂಬ ಬಿಡಿಸಿ, ಮಣ್ಣು ಕೆಡವಿದ. ಎತ್ತರ ಕಡಿಮೆಯ, ಅಗಲವಾದ ಹಳೆಯ ಬಾಗಿಲು ತೆರೆದುಕೊಂಡಿತು. ಈನಿಡ್ ಕೋಲೂರಿಕೊಂಡು ಹಜಾರದಿಂದ ಅಡುಗೆಮನೆಗೆ ನಾಲ್ಕೇ ಹೆಜ್ಜೆಯಲ್ಲಿ ಬಂದಳು. ಹೊಸ್ತಿಲ ತಗ್ಗಿನಲ್ಲಿ ಒಂದು ಕ್ಷಣ ನಿಂತು, ಚಪ್ಪಲಿಯ ತುದಿಯಿಂದ ಅದನ್ನು ಸವರಿದಳು. ನಾನೂ ಇದ್ದೆ, ನನ್ನ ಕಣ್ಣಲ್ಲಿ ಧೂಳು ಬಿತ್ತು ಎಂದು ಹೇಳಿದೆ. ಅದು ಸುಳ್ಳು.

ಆಮೇಲೆ ಒಂದು ದಿನ ಸಿರಿಲ್ ಹೊರಗಿದ್ದಾಗ ಕೇಳಿದೆ. "ಈನಿಡ್, ಕೋಳಿಗೂಡಿನ ಗೀರು ನೀನೂ ನೋಡಿದ್ದೆ ತಾನೆ? ಹಡಗು ಸುಳ್ಳು ಅಂತ ಗೊತ್ತಿತ್ತು ಅಲ್ವಾ?"

"ಮೊದ್ಲನೇ ದಿನಾನೇ ಗೊತ್ತಿತ್ತು."

"ಮತ್ತೆ ಹೇಳೋದಲ್ವಾ ಮಾರಾಯ್ತಿ! ಪೆಟ್ಟಿಗೆ ಕಟ್ಕೊಂಡು ಕೂತಿದ್ದೆಯಲ್ಲ!"

ಅವಳು ಕೆಟಲ್ ಒಲೆಗಿಟ್ಟಳು. "ಮದುವೆಯಾದ ಮೂವತ್ತಾರು ವರ್ಷದಲ್ಲಿ ಮೊದಲ ಸಲ ಜನ ಅವನ ಮಾತು ಕೇಳ್ತಾ ಕೂತಿದ್ರು ಪರ್ಸಿ. ಮುಳುಗಿಸ್ಬೇಕಾದ್ರೆ ಅವನೇ ಮುಳುಗಿಸ್ಲಿ ಅಂತ ಸುಮ್ಮನಿದ್ದೆ."

ಪಬ್ಬಿನಲ್ಲಿ ಸಿರಿಲ್ "ಅದೇನಾಯ್ತು ಅಂದ್ರೆ" ಎಂದರೆ ಈಗ ಮತ್ತೆ ಜನಕ್ಕೆ ಬಿಯರ್ ನೆನಪಾಗುತ್ತದೆ. ಅವನಿಗೆ ಅದರ ಪರಿವೆಯಿದ್ದಂತಿಲ್ಲ. ಅರ್ಧ ಲೋಟಕ್ಕೇ ಎದ್ದು ಮನೆಗೆ ಹೊರಡುತ್ತಾನೆ. ಆ ಬಾಗಿಲನ್ನು ಮಾಡಿದ ಕಾಲದ ಜನ ಬಹಳ ಕುಳ್ಳರಿದ್ದಿರಬೇಕು. ಈನಿಡ್ ಕುಳ್ಳಿ, ನೆಟ್ಟಗೆ ದಾಟುತ್ತಾಳೆ. ಸಿರಿಲ್ ಆರಡಿ ಆಳು. ದಿನಾ ಬೆಳಗ್ಗೆ ಏಳು ಗಂಟೆಗೆ ನನ್ನ ಮನೆಯವರೆಗೂ ಕೇಳಿಸುತ್ತದೆ: ಮೊದಲು ಅವಳ ಕೋಲಿನ ಸದ್ದು, ಆಮೇಲೆ "ಕ್ಯಾಪ್ಟನ್, ತಲೆ ಬಗ್ಗಿಸೋ!" ಎಂಬ ಕೂಗು, ಅದರ ಹಿಂದೆಯೇ ಓಕ್ ತೊಲೆಗೆ ಧಡ್ಡೆಂದು ಬಡಿದ ಸದ್ದು, ಕೊನೆಗೆ ಇಬ್ಬರೂ ನಗುವುದು.